ಕೊಬ್ಬರಿ ಒಯ್ಯುವಂತಿಲ್ಲ ಎಂಬುದು ಮನೆಯಲ್ಲೇ ತಿಳಿಯಲಿ

ಮಾನ್ಯ ಸಂಪಾದಕರೆ,

ಲಂಡನ್ನಿನಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ಹೆಂಡತಿಯನ್ನು ಕಳಿಸಿಕೊಡಲು ಈಚೆಗೆ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ತಿಪಟೂರಿನಿಂದ ರೈಲು, ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ಸು. ವಿದೇಶದ ವಿಮಾನಗಳೆಲ್ಲ 2023ರಲ್ಲೇ ಎರಡನೇ ಟರ್ಮಿನಲ್‌ಗೆ ಹೋಗಿವೆ ಎಂದು ಮಗಳು ಹೇಳಿದ್ದಳು, ಅಲ್ಲೇ ಇಳಿದೆವು.

ಚೀಲದಲ್ಲಿ ಅಂಟು, ಉತ್ತುತ್ತೆ, ಮೆಂತ್ಯ. ಅದರಡಿ ಹಳೆಯ ಪಂಚೆಯಲ್ಲಿ ಸುತ್ತಿದ ನಲವತ್ತು ಕೊಬ್ಬರಿ ಗಿಟುಕು. ನಮ್ಮದೇ ತೋಟದ ಕಾಯಿ, ಅಟ್ಟದ ಮೇಲೆ ಹನ್ನೊಂದು ತಿಂಗಳು ಒಣಗಿದ್ದು. ಒಂದೊಂದನ್ನೂ ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಗಿಟುಕು ಚಿಪ್ಪು ಬಿಟ್ಟು ಲೊಡಲೊಡ ಎಂದ ಮೇಲೆಯೇ ಅವಳು ಸುಲಿಸಿದ್ದಳು.

ಟಿಕೆಟ್ ಇಲ್ಲದ ನಾನು ಬಾಗಿಲಲ್ಲೇ ಉಳಿದೆ. ಸ್ವಲ್ಪ ಹೊತ್ತಿಗೆ ಅವಳ ಕರೆ ಬಂತು. ‘ಬಿದಿರಿನ ಚಾವಣಿ, ಮೇಲಿನಿಂದ ಗಿಡಗಳನ್ನು ಇಳಿಬಿಟ್ಟಿದ್ದಾರೆ, ತೋಟದಲ್ಲಿ ನಿಂತ ಹಾಗಿದೆ’ ಎಂದಳು. ಮೊದಲ ವಿಮಾನ ಪ್ರಯಾಣದ ಅವಳ ಭಯ ಅಷ್ಟರಲ್ಲಿ ಅರ್ಧ ಇಳಿದಿತ್ತು. ಎರಡನೆಯ ಕರೆಯಲ್ಲಿ ದನಿಯೇ ಇರಲಿಲ್ಲ. ಚೀಲದಲ್ಲಿ ಏನಿದೆ ಎಂದು ಕೌಂಟರಿನಲ್ಲಿ ಕೇಳಿದಾಗ ಇವಳೇ ಕೊಬ್ಬರಿ ಎಂದಿದ್ದಾಳೆ. ಅಲ್ಲಿದ್ದ ಹುಡುಗಿ ಕನ್ನಡದಲ್ಲೇ, ಬಹಳ ಸಮಾಧಾನದಿಂದ, ‘ಅಮ್ಮಾ, ಇದನ್ನು ಲಗೇಜಿನಲ್ಲಿ ಕಳಿಸಲು ಆಗುವುದಿಲ್ಲ’ ಎಂದಳಂತೆ. ಹೊರಗೆ ತಂದು ಕೊಟ್ಟು ಹೋಗು ಎಂದೆ. ತಡವಾದೀತೆಂಬ ಹೆದರಿಕೆಗೆ ಅವಳು ಒಪ್ಪಲಿಲ್ಲ. ನಲವತ್ತನ್ನೂ ಅಲ್ಲೇ ಬಿಟ್ಟು ಹೋದಳು.

ನಿಯಮ ಸರಿಯಾದದ್ದೇ. ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು; ಗಾಳಿಯಾಡದ ಕಡೆ ಒತ್ತಾಗಿ ಇಟ್ಟರೆ ತಾನೇ ಕಾವೇರುತ್ತದೆ, ಬೆಂಕಿಗೂ ಕಾರಣವಾಗಬಹುದು. ಬೆಳೆಗಾರನಾದ ನನಗೇ ಇದು ಹೊಳೆಯಲಿಲ್ಲ. ಟಿಕೆಟ್ ಮಾಡಿಕೊಟ್ಟವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬಾಣಂತನಕ್ಕೆ ವಿದೇಶಕ್ಕೆ ಹೋಗುವ ತಾಯಂದಿರು ಈಗ ನಮ್ಮ ಕಡೆ ಊರೂರಿನಲ್ಲೂ ಇದ್ದಾರೆ. ಅವರ ಚೀಲದಲ್ಲಿ ಪಟಾಕಿ, ಲೈಟರ್ ಇರುವುದಿಲ್ಲ, ಕೊಬ್ಬರಿ ಇದ್ದೇ ಇರುತ್ತದೆ. ಆದ್ದರಿಂದ ಟಿಕೆಟ್ ಜೊತೆ ಬರುವ ಸಂದೇಶದಲ್ಲಿ ‘ಕೊಬ್ಬರಿಯನ್ನು ಲಗೇಜಿನಲ್ಲಿ ಇಡಬೇಡಿ’ ಎಂಬ ಒಂದು ಸಾಲು ಕನ್ನಡದಲ್ಲಿ ಇರಲಿ. ವಾಯುವಜ್ರ ಮತ್ತು ಫ್ಲೈ ಬಸ್ಸುಗಳ ಒಳಗೆ ಕೊಬ್ಬರಿಯ ಚಿತ್ರ ಹಾಕಿ ಅದನ್ನೇ ದಪ್ಪ ಅಕ್ಷರದಲ್ಲಿ ಬರೆಸಲಿ. ಒಳಗೆ ಬಿಟ್ಟುಹೋದ ಇಂಥ ವಸ್ತುಗಳನ್ನು, ಪ್ರಯಾಣಿಕರು ಬರೆದುಕೊಟ್ಟರೆ, ಬಾಗಿಲಲ್ಲಿ ಕಾಯುತ್ತಿರುವ ಮನೆಯವರಿಗೆ ತಲುಪಿಸುವ ಒಂದು ಕಿಟಕಿಯನ್ನೂ ಏರ್ಪಡಿಸಬೇಕೆಂದು ಸಂಬಂಧಪಟ್ಟವರಲ್ಲಿ ನನ್ನ ವಿನಂತಿ. ಅವಳ ವಿಮಾನ ಹೊರಡುವ ತನಕ ನಾನು ಬರಿಗೈಯಲ್ಲಿ ಆ ಬಾಗಿಲಲ್ಲೇ ನಿಂತಿದ್ದೆ.

– ತೆಂಗು ಬೆಳೆಗಾರ, ತಿಪಟೂರು ತಾಲ್ಲೂಕು