ಹಿಮದ ರಸ್ತೆಗೆ ಯಾವ ಕಾರು, ಮಗಳೇ?

ಪ್ರೀತಿಯ ಪುಟ್ಟೀ,

ಕಾರು ಕೊಳ್ಳುವುದಾದರೆ ಆಲ್ ವೀಲ್ ಡ್ರೈವೇ, ಅಂದರೆ ಎಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ಕಾರೇ ಆಗಬೇಕಾ ಅಂತ ನಿನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಅವಸರದಲ್ಲಿ "ನೋಡೋಣ" ಅಂದುಬಿಟ್ಟೆ. ರಾತ್ರಿಯೆಲ್ಲ ಅದೇ ಯೋಚನೆ. ಅದಕ್ಕೇ ಬರೆಯುತ್ತಿದ್ದೇನೆ.

ಹಿಮದಲ್ಲಿ ನಾನು ಮೊದಲು ಓಡಿಸಿದ್ದು ರಿಯರ್ ವೀಲ್ ಡ್ರೈವ್ ಕಾರು, ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವಂಥದ್ದು. ತಿರುವಿನಲ್ಲಿ ಆಕ್ಸಿಲರೇಟರನ್ನು ಚೂರೇ ಚೂರು ಒತ್ತಿದೆ, ಹಿಂಭಾಗ ಪಕ್ಕಕ್ಕೆ ಜಾರಿ ಕಾರು ಅಡ್ಡವಾಗತೊಡಗಿತು. ಕಾಲು ತೆಗೆದು, ಹಿಂಭಾಗ ಜಾರಿದ ಕಡೆಗೇ ಸ್ಟೀರಿಂಗ್ ತಿರುಗಿಸಿದ ಮೇಲೆ ಸರಿಹೋಯಿತು. ಎದೆ ಮಾತ್ರ ಮನೆ ಮುಟ್ಟುವವರೆಗೂ ಹೊಡೆದುಕೊಳ್ಳುತ್ತಿತ್ತು. ಎಂಜಿನ್ ಮುಂದಿದ್ದು ಹಿಂದಿನ ಚಕ್ರಗಳು ತಳ್ಳುವ ಕಾರಿನಲ್ಲಿ, ತಳ್ಳುವ ಚಕ್ರಗಳ ಮೇಲೆ ಭಾರ ಕಡಿಮೆ. ಏರಿನಲ್ಲಿ ಅವು ನಿಂತಲ್ಲೇ ಗಿರಗಿರ ತಿರುಗುತ್ತವೆ.

ಫ್ರಂಟ್ ವೀಲ್ ಡ್ರೈವ್‌ನಲ್ಲಿ ಎಂಜಿನ್, ಗೇರ್‌ಬಾಕ್ಸ್ ಎರಡರ ಭಾರವೂ ಕಾರನ್ನು ಎಳೆಯುವ ಮುಂದಿನ ಚಕ್ರಗಳ ಮೇಲೆಯೇ. ಹಾಗಾಗಿ ಹಿಡಿತ ಚೆನ್ನಾಗಿರುತ್ತದೆ. ಆದರೆ ಎಳೆಯುವುದೂ ತಿರುಗುವುದೂ ಅವೇ ಚಕ್ರಗಳು. ತಿರುವಿನಲ್ಲಿ ಜಾಸ್ತಿ ಒತ್ತಿದರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರಕ್ಕೇ ಹೋಗುತ್ತದೆ. ಆಗ ಇನ್ನಷ್ಟು ತಿರುಗಿಸಬೇಡ. ಮೆಲ್ಲಗೆ ಕಾಲು ತೆಗೆ, ಸ್ಟೀರಿಂಗ್ ತುಸು ಸಡಿಲಿಸು, ಹಿಡಿತ ತಾನೇ ಮರಳುತ್ತದೆ.

ಆಲ್ ವೀಲ್ ಡ್ರೈವ್ ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವುದರಿಂದ ಏರು ಹತ್ತಲು, ಹೂತ ಜಾಗದಿಂದ ಹೊರಡಲು ಅದನ್ನು ಮೀರಿಸಿದ್ದಿಲ್ಲ. ನನ್ನ ಭಯವಿರುವುದು ಅಲ್ಲೇ. ಸಲೀಸಾಗಿ ಹೊರಟ ಕಾರು ಸಲೀಸಾಗಿ ನಿಲ್ಲುತ್ತದೆ ಅಂತ ಮನಸ್ಸು ನಂಬಿಬಿಡುತ್ತದೆ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ ಪುಟ್ಟೀ, ನಿಲ್ಲುವಾಗ ಆಲ್ ವೀಲ್ ಡ್ರೈವ್‌ನಿಂದ ಏನೂ ಲಾಭವಿಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ಡಾಂಬರಿನ ಮೇಲೆ ಸುಮಾರು 15 ಮೀಟರಿನಲ್ಲಿ ನಿಲ್ಲುವ ಕಾರು, ತುಳಿದು ಗಟ್ಟಿಯಾದ ಹಿಮದ ಮೇಲೆ 50 ಮೀಟರಿನಷ್ಟು ಜಾರಿಕೊಂಡು ಹೋಗಬಹುದು. ಮಂಜುಗಡ್ಡೆಯಾದರೆ ಅದಕ್ಕೂ ದೂರ.

ನಿಲ್ಲಿಸುವುದು ಟೈರು. ಬೇಸಿಗೆ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗುತ್ತಾ ಹೋಗುತ್ತದೆ. ಚಳಿಗಾಲದ ಟೈರಿನದು ಮೆತ್ತಗೇ ಇರುತ್ತದೆ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು, ಆ ಗುರುತು ಇದೆಯಾ ಅಂತ ಬಗ್ಗಿ ನೋಡು. ನಾಲ್ಕಕ್ಕೂ ಹಾಕಿಸು. ಮುಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ಬ್ರೇಕ್ ಒತ್ತಿದಾಗ ಹಿಂಭಾಗ ಜಾರಿ ಕಾರೇ ತಿರುಗಿಬಿಡಬಹುದು. ಬೇಸಿಗೆ ಟೈರಿನ ಆಲ್ ವೀಲ್ ಡ್ರೈವ್‌ಗಿಂತ ಒಳ್ಳೆಯ ಚಳಿಗಾಲದ ಟೈರಿರುವ ಫ್ರಂಟ್ ವೀಲ್ ಡ್ರೈವ್‌ನಲ್ಲಿ ನೀನು ಓಡಾಡಿದರೆ ನನಗೆ ನಿದ್ದೆ ಬರುತ್ತದೆ. ದಿನವೂ ಕಡಿದಾದ ಏರು ಹತ್ತಬೇಕಾದರೆ ಮಾತ್ರ ಆಲ್ ವೀಲ್ ಡ್ರೈವ್ ತಗೋ, ಆಗಲೂ ಟೈರಿನ ದುಡ್ಡು ಬೇರೆ ಎತ್ತಿಟ್ಟುಕೊಂಡೇ.

ಎಲೆಕ್ಟ್ರಿಕ್ ಕಾರಾದರೆ ಇನ್ನೊಂದು ಮಾತು. ಕಾಲು ತೆಗೆದ ತಕ್ಷಣ ಮೋಟರೇ ಬ್ರೇಕಿನಂತೆ ಹಿಡಿಯುತ್ತದೆ, ಜಾರುವ ರಸ್ತೆಯಲ್ಲಿ ಆ ಹಿಡಿತವೇ ಚಕ್ರವನ್ನು ಜಾರಿಸಬಹುದು. ಅದನ್ನು ಕಡಿಮೆ ಮಟ್ಟಕ್ಕೆ ಇಟ್ಟುಕೋ.

ಮೊದಲ ಹಿಮ ಬಿದ್ದ ದಿನ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ 20 ಕಿ.ಮೀ. ವೇಗದಲ್ಲಿ ಬ್ರೇಕನ್ನು ಗಟ್ಟಿಯಾಗಿ ಒತ್ತಿ ನೋಡು. ಚಕ್ರ ತಿರುಗದೆ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕೆಲಸಕ್ಕಿಳಿದು ಪೆಡಲ್ ಪಾದದಡಿ ಗಡಗಡ ನಡುಗುತ್ತದೆ. ಹೆದರಿ ಕಾಲು ತೆಗೆಯಬೇಡ, ಒತ್ತಿಯೇ ಹಿಡಿ. ಎಷ್ಟು ದೂರಕ್ಕೆ ನಿಂತಿತು ಅಂತ ಅವತ್ತು ರಾತ್ರಿ ಫೋನ್ ಮಾಡಿ ಹೇಳು.

ನಿನ್ನ
ಅಪ್ಪ