ಕೋರ್ಟಿನ ದಾವೆ ಜಮೀನಿನ ಕಾಗದದಲ್ಲೂ ಕಾಣಲಿ

ಸಂಪಾದಕರಿಗೆ ನಮಸ್ಕಾರ.

ಜಮೀನು ವ್ಯಾಜ್ಯಗಳ ಬಗ್ಗೆ ಈ ಅಂಕಣದಲ್ಲಿ ಬರುವ ಪತ್ರಗಳನ್ನು ಓದುತ್ತಿರುತ್ತೇನೆ. ಬೈಗುಳ ಬೀಳುವುದು ಸರ್ವೆಯವರಿಗೆ, ಇಲ್ಲವೇ ತಾಲ್ಲೂಕು ಕಚೇರಿಗೆ. ತೀರ್ಥಹಳ್ಳಿಯಲ್ಲಿ ಕ್ರಯಪತ್ರ, ವಿಭಾಗಪತ್ರ ಬರೆದೇ ಜೀವನ ಸಾಗಿಸಿದವನು ನಾನು. ನನ್ನ ತಕರಾರು ಸ್ವಲ್ಪ ಬೇರೆ. ಕೋರ್ಟಿನಲ್ಲಿ ದಾವೆ ನಡೆಯುತ್ತಿದ್ದರೂ ಎಷ್ಟೋ ಸಲ ಅದು ಜಮೀನಿನ ಕಾಗದದಲ್ಲಿ ಕಾಣುವುದಿಲ್ಲ. ಕೊಳ್ಳುವವರು ಮುಳುಗುವುದು ಅಲ್ಲೇ.

ಇದು ನನ್ನ ತಲೆಗೆ ಹತ್ತಿದ್ದು ಜರ್ಮನಿಯ ಒಂದು ಕೋರ್ಟಿನಿಂದ. ತಂಗಿಯ ಮಗ ಬರ್ಲಿನ್ನಿನ ವೆಡ್ಡಿಂಗ್‌ನಲ್ಲಿದ್ದಾನೆ. ಬಾಡಿಗೆ ಮನೆ ಬಿಟ್ಟಾಗ ಮಾಲೀಕರು ಅಡ್ವಾನ್ಸ್ ವಾಪಸ್ ಕೊಡಲಿಲ್ಲ. (ಅಲ್ಲಿ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆ ಮೀರುವಂತಿಲ್ಲ. ಬೆಂಗಳೂರಿಗೆ ಮಕ್ಕಳನ್ನು ಕಳಿಸಿದವರು ಇದನ್ನು ಓದಿ ಹೊಟ್ಟೆ ಉರಿಸಿಕೊಳ್ಳಬಾರದು.) ಇವನು ವಕೀಲರನ್ನು ಹಿಡಿಯಲೇ ಇಲ್ಲ. ಸೀದಾ ಕೋರ್ಟಿಗೆ ಹೋಗಿ ನಡೆದಿದ್ದು ಹೇಳಿದ. ಅಲ್ಲಿನ ನೌಕರರೇ ಅದನ್ನು ದಾವೆಯಾಗಿ ಬರೆದುಕೊಂಡರು. ವಾಸದ ಮನೆಯ ಬಾಡಿಗೆ ಜಗಳ ಎಷ್ಟೇ ದೊಡ್ಡ ಮೊತ್ತದ್ದಾದರೂ ಮೊದಲು ಬರುವುದು ಈ ಕೋರ್ಟಿಗೇ. ಉಳಿದ ಹಣದ ದಾವೆಗಳಿಗೆ ಮಿತಿಯಿದೆ. ಬಹಳ ವರ್ಷ ಅದು 5,000 ಯೂರೋ ಇತ್ತು.

ಇದರ ಹೆಸರು ಆಮ್ಟ್ಸ್‌ಗೆರಿಷ್ಟ್. ನಮ್ಮ ಕಡೆ ಈಗಲೂ ಮುನ್ಸೀಫ್ ಕೋರ್ಟು ಅಂತೀವಲ್ಲ, ಹೆಚ್ಚುಕಡಿಮೆ ಆ ಮಟ್ಟದ್ದು. ಆಗಿನ ಜರ್ಮನ್ ರಾಜ್ಯಗಳಲ್ಲಿ ದೊಡ್ಡದಾದ ಪ್ರಷ್ಯದಲ್ಲಿ 1849ರ ತನಕ ಹಳ್ಳಿಗಾಡಿನ ಜಮೀನ್ದಾರರಿಗೆ ತಮ್ಮದೇ ಕೋರ್ಟು ಇರುತ್ತಿತ್ತು. ಗೇಣಿದಾರನ ಜಗಳಕ್ಕೆ ಧಣಿಯ ಕಡೆಯವರದೇ ತೀರ್ಪು! ಗೇಣಿ ಕಾಲ ಕಂಡ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜರ್ಮನಿ ಒಂದು ದೇಶವಾದ ಮೇಲೆ 1877ರಲ್ಲಿ ಕಾಯ್ದೆ ಬಂತು. 1879ರ ಅಕ್ಟೋಬರ್ 1ರಿಂದ ದೇಶಕ್ಕೆಲ್ಲ ಒಂದೇ ಬಗೆಯ ಕೋರ್ಟುಗಳು ಶುರುವಾದವು. ವೆಡ್ಡಿಂಗಿನ ಕೋರ್ಟು 1906ರದ್ದು. ಮೈಸೆನ್ ಎಂಬ ಊರಿನ ಹಳೇ ಅರಮನೆಯನ್ನು ನೋಡಿ ಅದರಂತೆಯೇ ಕಟ್ಟಿದ್ದಾರೆ. ಪೂರ್ವ ಜರ್ಮನಿಯವರು 1952ರಲ್ಲಿ ಈ ಕೋರ್ಟುಗಳನ್ನೇ ತೆಗೆದುಹಾಕಿದ್ದರು. ವೆಡ್ಡಿಂಗ್ ಪಶ್ಚಿಮ ಬರ್ಲಿನ್ನಿನಲ್ಲಿದ್ದುದರಿಂದ ಉಳಿದುಕೊಂಡಿತು.

ಎಲ್ಲ ಕೋರ್ಟಿಗೂ ಎಲ್ಲ ಕೆಲಸ ಇಲ್ಲ. ಬರ್ಲಿನ್ನಿನ ಕ್ರಿಮಿನಲ್ ಕೇಸುಗಳು ಟಿಯರ್‌ಗಾರ್ಟನ್ ಕೋರ್ಟಿಗೆ ಹೋಗುತ್ತವೆ, ಕಂಪನಿಗಳ ದಾಖಲೆ ಶಾರ್ಲೊಟೆನ್‌ಬುರ್ಗ್‌ಗೆ. ವೆಡ್ಡಿಂಗಿಗೆ ಸಿಕ್ಕಿದ್ದು ಪರದೇಶದವರ ಬಾಕಿ ವಸೂಲಿ. ಸಾಗರದ ವ್ಯಾಪಾರಿಯೊಬ್ಬರು ಜರ್ಮನಿಗೆ ಕಾಳುಮೆಣಸು ಕಳಿಸಿ ದುಡ್ಡು ಬರಲಿಲ್ಲ ಅಂತಿಟ್ಟುಕೊಳ್ಳಿ. ಅಲ್ಲಿನ ಪಾವತಿ ಆದೇಶದ (ವಿಚಾರಣೆಯಿಲ್ಲದೆ ಬಾಕಿ ಕಟ್ಟು ಅಂತ ಕೋರ್ಟು ಹೊರಡಿಸುವ ಆದೇಶ) ದಾರಿ ಹಿಡಿದರೆ ಅರ್ಜಿ ಹಾಕಬೇಕಾದ್ದು ಇಲ್ಲಿಗೇ. ಸಾಲಗಾರ ಎರಡು ವಾರದೊಳಗೆ ಆಕ್ಷೇಪ ಎತ್ತದಿದ್ದರೆ ವಸೂಲಿಯ ಮುಂದಿನ ಹೆಜ್ಜೆ ಇಡಬಹುದು.

ನನಗೆ ಮುಖ್ಯ ಅನ್ನಿಸಿದ್ದು ಇದ್ಯಾವುದೂ ಅಲ್ಲ. ಜರ್ಮನಿಯಲ್ಲಿ ಭೂಮಿಯ ಪುಸ್ತಕ ಇರುವುದೇ ಈ ಕೆಳಗಿನ ಕೋರ್ಟಿನಲ್ಲಿ. ಮಾಲೀಕರು ಯಾರು, ಯಾರಿಗೆ ದಾರಿಯ ಹಕ್ಕಿದೆ, ಎಷ್ಟು ಅಡಮಾನ ಇದೆ, ಎಲ್ಲ ಅದರಲ್ಲೇ. ಕ್ರಯಪತ್ರವಾದರೆ ಸಾಲದು, ಆ ಪುಸ್ತಕದಲ್ಲಿ ಹೆಸರು ಏರಿದ ಮೇಲೆಯೇ ಜಮೀನು ನಿಮ್ಮದು. 1900ರಲ್ಲಿ ಜಾರಿಗೆ ಬಂದ ಅವರ ಸಿವಿಲ್ ಕಾಯ್ದೆಯ ಪ್ರಕಾರ, ಪುಸ್ತಕ ನಂಬಿ ಪ್ರಾಮಾಣಿಕವಾಗಿ ಕೊಂಡವರಿಗೆ ರಕ್ಷಣೆ ಇದೆ. ತಕರಾರು ಇರುವವರು ಕೋರ್ಟಿನ ಆದೇಶ ಪಡೆದು ಅದನ್ನೂ ಅಲ್ಲೇ ಬರೆಸಬಹುದು. ಒಂದು ಮಾತು: ಅಲ್ಲಿ ಜಮೀನು ಕ್ರಯವನ್ನು ನೋಟರಿಯ ಮುಂದೆಯೇ ಮಾಡಬೇಕು. ನನ್ನಂಥ ಪತ್ರ ಬರಹಗಾರರಿಗೆ ಅನ್ನವಿಲ್ಲ!

ನಮ್ಮಲ್ಲಿ ಹೇಗಿದೆ ನೋಡಿ. ಪಹಣಿ ಒಂದು ಕಡೆ, ಇಸಿ (ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಅಡಮಾನ ತೋರಿಸುವ ಋಣಭಾರ ಪತ್ರ) ಉಪನೋಂದಣಿ ಕಚೇರಿಯಲ್ಲಿ, ನಕ್ಷೆ ಸರ್ವೆಯವರಲ್ಲಿ, ದಾವೆ ಕೋರ್ಟಿನಲ್ಲಿ. ನನಗೆ ಗೊತ್ತಿರುವವರೊಬ್ಬರು ಅಡಿಕೆ ತೋಟ ಕೊಂಡರು. ಪಹಣಿ ಸರಿಯಿತ್ತು. ಇಸಿಯಲ್ಲಿ ಏನೂ ಇರಲಿಲ್ಲ. ತೋಟಕ್ಕೆ ಬೋರು ಹಾಕಿಸಿ, ಡ್ರಿಪ್ ಎಳೆಸಿದ ಮೇಲೆ ಗೊತ್ತಾಯಿತು, ಮಾರಿದವರ ಅಕ್ಕತಂಗಿಯರು ಕ್ರಯಕ್ಕೂ ಮೊದಲೇ ಪಾಲಿನ ದಾವೆ ಹೂಡಿದ್ದರು ಅಂತ. ಅಕ್ಕತಂಗಿಯರದ್ದು ತಪ್ಪಲ್ಲ, ಹಕ್ಕಿನ ಪಾಲು ಕೇಳಿದ್ದಾರೆ. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಮಿನಂತೆ, ದಾವೆ ನಡೆಯುವಾಗ ಕೊಂಡವರಿಗೆ ಅದರ ತೀರ್ಪು ಅಂಟಿಕೊಳ್ಳುತ್ತದೆ. ನನಗೆ ಗೊತ್ತಿರಲಿಲ್ಲ ಅಂದರೆ ಕೇಳುವವರಿಲ್ಲ.

ಭೂಮಿಯ ದಾಖಲೆಯನ್ನೆಲ್ಲ ಕೋರ್ಟಿಗೆ ಕೊಡಿ ಅಂತ ನಾನು ಹೇಳುತ್ತಿಲ್ಲ. ಇರುವ ಕೇಸುಗಳಲ್ಲೇ ಅವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಮಹಾರಾಷ್ಟ್ರ ಮತ್ತು ಗುಜರಾತಿನಲ್ಲಿ 52ನೇ ಕಲಮಿಗೆ ತಿದ್ದುಪಡಿ ಮಾಡಿ, ದಾವೆಯ ನೋಟಿಸನ್ನು ನೋಂದಾಯಿಸುವ ಏರ್ಪಾಡು ತಂದಿದ್ದಾರೆ. ನೋಂದಾಯಿಸಿದರೆ ಇಸಿ ತೆಗೆದಾಗ ಸಿಗುತ್ತದೆ. ಕರ್ನಾಟಕಕ್ಕೂ ಇದು ಬೇಕು. ಜತೆಗೆ ಪಹಣಿಯ 11ನೇ ಕಾಲಂ, ಅಂದರೆ ಇತರೆ ಹಕ್ಕು ಮತ್ತು ಋಣಗಳ ಜಾಗದಲ್ಲಿ, ದಾವೆಯ ನಂಬರು ಕೋರ್ಟಿನಿಂದಲೇ ನೇರವಾಗಿ ಏರಬೇಕು. ಕಕ್ಷಿದಾರ ಅರ್ಜಿ ಹಿಡಿದು ತಿರುಗುವಂತಾಗಬಾರದು. ಮಲೆನಾಡಿನ ಶಾಸಕರು ಅಧಿವೇಶನದಲ್ಲಿ ಇದನ್ನು ಎತ್ತಲಿ.

ಅಲ್ಲಿಯವರೆಗೆ ತೋಟ ಕೊಳ್ಳುವವರು ಇಸಿ ನೋಡಿ ಸುಮ್ನೆ ಕೂರಬೇಡಿ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಕಕ್ಷಿದಾರರ ಹೆಸರು ಹಾಕಿ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಮಾರುವವರ ಹೆಸರು ಮಾತ್ರವಲ್ಲ, ಅವರ ತಂದೆಯ ಹೆಸರು, ಅಣ್ಣತಮ್ಮಂದಿರ ಹೆಸರನ್ನೂ ಹಾಕಿ ನೋಡಿ. ಇಂಗ್ಲಿಷ್ ಅಕ್ಷರ ಬೇರೆ ಬೇರೆ ಥರ ಬರೆದಿರುತ್ತಾರೆ, ಎರಡು ಮೂರು ಬಗೆಯಲ್ಲಿ ಹುಡುಕಿ.

— ಒಬ್ಬ ಹಳೇ ಪತ್ರ ಬರಹಗಾರ, ತೀರ್ಥಹಳ್ಳಿ