ಅಪ್ಪ ಪೈಲಟ್ ಆಗಿರಲಿಲ್ಲ

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಕಾಸರಗೋಡು ಪುಟದಲ್ಲಿ ನಮ್ಮ ಅಪ್ಪ ತೀರಿಕೊಂಡ ಸುದ್ದಿ ಬಂದಿತ್ತು. ಫೋಟೊ ಚೆನ್ನಾಗಿತ್ತು, ಥ್ಯಾಂಕ್ಸ್. ಆದರೆ ಕೆಳಗೆ 'ನಿವೃತ್ತ ಯುದ್ಧವಿಮಾನ ಪೈಲಟ್' ಎಂದು ಹಾಕಿದ್ದೀರಿ. ಅಪ್ಪ ಪೈಲಟ್ ಆಗಿರಲಿಲ್ಲ. ತಪ್ಪು ನಿಮ್ಮದೊಂದೇ ಅಲ್ಲ ಬಿಡಿ. ನೀರ್ಚಾಲಿನಿಂದ ಬದಿಯಡ್ಕದವರೆಗೆ ಅರ್ಧ ಊರು ಹಾಗೇ ತಿಳಿದುಕೊಂಡಿತ್ತು, ಏರ್‌ಫೋರ್ಸ್ ಎಂದರೆ ಎಲ್ಲರೂ ವಿಮಾನ ಹಾರಿಸುವವರೇ ಎಂದು. ಅಪ್ಪ ಮಾತ್ರ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. "ನಾನು ಹಾರಿಸ್ಲಿಕ್ಕೆ ಹೋಗ್ಲಿಲ್ಲ ಮಾರಾಯ. ಹಾರುವ ಹಾಗೆ ಮಾಡಿ ಕೊಟ್ಟದ್ದು, ಅಷ್ಟೆ."

ಅವರು ಫಿಟ್ಟರ್. 1966ರಲ್ಲಿ, 18 ವರ್ಷಕ್ಕೆ ಸೇರಿದರು. ತಾಂಬರಂನಲ್ಲಿ ತರಬೇತಿ. ಆಮೇಲೆ ನ್ಯಾಟ್ ವಿಮಾನಗಳ ಕೆಲಸ. ನ್ಯಾಟ್ ಎಂದರೆ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾಗುತ್ತಿದ್ದ ಪುಟ್ಟ ಜೆಟ್, ಈ ತುದಿಯಿಂದ ಆ ತುದಿಗೆ ರೆಕ್ಕೆ ಸುಮಾರು 22 ಅಡಿ ಅಷ್ಟೆ. ಅಪ್ಪ ಒಮ್ಮೆ ಅಂಗಳದಲ್ಲಿ ಅಡಿಕೆ ಹರವಿದ್ದಾಗ ಹೆಜ್ಜೆ ಅಳೆದು ತೋರಿಸಿದ್ದರು. ನಮ್ಮ ಅಂಗಳದಲ್ಲಿ ಎರಡು ನಿಲ್ಲಿಸಬಹುದಿತ್ತು! ಚಿಕ್ಕದು, ಆದರೆ ಹಟಮಾರಿ. ಹೈಡ್ರಾಲಿಕ್ಸ್ ಕೈಕೊಡುವುದು, ಗನ್ ಜಾಮ್ ಆಗುವುದು ಜಾಸ್ತಿ. ಹಾಗಾಗಿ ರಾತ್ರಿಯೆಲ್ಲ ಟಾರ್ಚ್ ಹಿಡಿದು ಕೂತದ್ದೇ ಹೆಚ್ಚಂತೆ.

1971ರಲ್ಲಿ ಅವರು ಕಲ್ಕತ್ತಾದ ದಮ್‌ದಮ್‌ನಲ್ಲಿದ್ದರು. ಯುದ್ಧ ಶುರುವಾದದ್ದು ಡಿಸೆಂಬರ್ 3ಕ್ಕೆ ಎಂದು ನಾವು ಶಾಲೆಯಲ್ಲಿ ಓದಿದ್ದು. ಅಪ್ಪನ ಲೆಕ್ಕದಲ್ಲಿ ಅದು ಶುರುವಾದದ್ದು ನವೆಂಬರ್ 22ಕ್ಕೆ. ಆ ದಿನ ನಾಲ್ಕು ನ್ಯಾಟ್‌ಗಳು ಪೂರ್ವ ಪಾಕಿಸ್ತಾನದ ಗಡಿಯ ಬೋಯ್ರಾದ ಕಡೆಗೆ ಹೋದವು, ಪಾಕಿಸ್ತಾನದ ಸೇಬರ್ ಜೆಟ್‌ಗಳ ಜೊತೆ ಆಕಾಶದಲ್ಲೇ ಕಾಳಗ ಆಯಿತು, ಅವರ ಇಬ್ಬರು ಪೈಲಟ್‌ಗಳು ಪ್ಯಾರಾಚೂಟ್‌ನಲ್ಲಿ ಇಳಿದು ಸೆರೆ ಸಿಕ್ಕರು. ಇದನ್ನೆಲ್ಲ ನಾವು ಪುಸ್ತಕದಿಂದ ತಿಳಿದದ್ದು. ಅಪ್ಪ ಹೇಳುತ್ತಿದ್ದದ್ದು ಬೇರೆ. ಕೆಳಗೆ ನಿಂತು ಕಾಯುವುದು. ಯಾರೂ ಮಾತಾಡುವುದಿಲ್ಲ. ಶಬ್ದ ಕೇಳುತ್ತದೆ. ಒಂದು ಬಂತು, ಎರಡು, ಮೂರು... ನಾಲ್ಕನೆಯದು ಕಾಣುವವರೆಗೆ ಉಗುಳು ನುಂಗಲಿಕ್ಕೂ ಆಗುವುದಿಲ್ಲ. ನಾಲ್ಕೂ ವಾಪಸ್ ಬಂದವು.

ಆ ಎಣಿಸುವ ಚಟ ಅವರನ್ನು ಬಿಡಲೇ ಇಲ್ಲ. ನಾವು ಮೂವರು ಮಕ್ಕಳು. ಮಳೆಗಾಲದ ಸಂಜೆ ಶಾಲೆ ಬಿಟ್ಟು ಸಂಕ (ಕಾಲುಸೇತುವೆ) ದಾಟಿ ಬರುವಾಗ ಅಪ್ಪ ತೋಟದ ತಲೆಯಲ್ಲಿ ನಿಂತಿರುತ್ತಿದ್ದರು. ಮಾತಿಲ್ಲ ಕತೆಯಿಲ್ಲ, ಮೂರು ಕೊಡೆ ಕಂಡರೆ ತಿರುಗಿ ಮನೆ ಕಡೆ ನಡೆಯುವುದೇ. ಒಮ್ಮೆ ತಮ್ಮ ಕೊಡೆ ಮರೆತು ನನ್ನ ಕೊಡೆಯೊಳಗೆ ಬಂದಿದ್ದ. ಆ ದಿನ ಅವರ ಮುಖ ನೋಡಬೇಕಿತ್ತು.

ಹಾಗಂತ ದೊಡ್ಡಕ್ಕ ಹುಟ್ಟಿದಾಗ ಅವರು ಊರಲ್ಲಿರಲಿಲ್ಲ. ರಜೆ ಸಿಕ್ಕಿ, ಹೌರಾದಿಂದ ಮದ್ರಾಸು, ಅಲ್ಲಿಂದ ಮಂಗಳೂರು ಮೈಲು ಹಿಡಿದು ಕಾಸರಗೋಡಿನಲ್ಲಿ ಇಳಿಯುವಾಗ ಮಗುವಿಗೆ ನಾಲ್ಕು ತಿಂಗಳು. ಮಗು ಇವರ ಮೀಸೆ ನೋಡಿ ಕಿರುಚಿದ್ದೇ ಕಿರುಚಿದ್ದು. ಅಮ್ಮ ಅದನ್ನು ಈಗಲೂ ನಗುತ್ತಾ ಹೇಳುತ್ತಾಳೆ, ಆದರೆ ಆ ನಾಲ್ಕು ತಿಂಗಳು ಅವಳು ಬರೆದ ಇನ್‌ಲ್ಯಾಂಡ್ ಲೆಟರುಗಳನ್ನು ನಮಗೆ ಓದಲು ಕೊಡುವುದಿಲ್ಲ.

1986ರಲ್ಲಿ ಏರ್‌ಫೋರ್ಸ್ ಬಿಟ್ಟು ಬಂದವರು ಮತ್ತೆ ಊರು ಬಿಡಲಿಲ್ಲ. ಐದು ಭಾಷೆ ಬರುತ್ತಿತ್ತು. ಆಫೀಸಿನ ಕೌಂಟರಿನಲ್ಲಿ ಬೇಕಾದಷ್ಟು ಮಲಯಾಳ ಮಾತಾಡುವರು, ಅರ್ಜಿ ಮಾತ್ರ ಕನ್ನಡದಲ್ಲೇ ಬರೆಯುವರು. ಒಂದು ಕಡೆ ಅದನ್ನು ಎರಡು ಸಲ ವಾಪಸ್ ಕೊಟ್ಟರು. ಮೂರನೇ ಸಲವೂ ಕನ್ನಡದಲ್ಲೇ ಬರೆದು ಕೊಟ್ಟು ಬಂದರು. ತೆಗೆದುಕೊಂಡರು.

ನಮ್ಮ ಮನೆಯ ಹಿಂದೆ ಮುರಕಲ್ಲಿನ ಗುಡ್ಡಕ್ಕೆ ಕೊರೆದ ಸುರಂಗ ಇದೆ. ಈ ಕಡೆಯವರಿಗೆ ವಿವರಿಸಬೇಕಿಲ್ಲ ಅಲ್ವಾ, ತೋಟಕ್ಕೆ ನೀರು ಅಲ್ಲಿಂದಲೇ. ಕೆಸರು ತೆಗೆಯಲು ಅಪ್ಪ ಎಪ್ಪತ್ತು ದಾಟಿದ ಮೇಲೂ ಒಳಗೆ ಹೋಗುತ್ತಿದ್ದರು. ಮುಂದೆ ಮೇಣದ ಬತ್ತಿ ಹಿಡಿದುಕೊಂಡು. ಬತ್ತಿ ಮಂಕಾದರೆ ಒಳಗೆ ಉಸಿರಾಡುವ ಗಾಳಿ ಇಲ್ಲ, ತಿರುಗಿ ಬರಬೇಕು. ಹೊರಗೆ ಅಮ್ಮ ಬೈಯುತ್ತಾ ನಿಲ್ಲುವಳು. ಎಣಿಸುವ ಸರದಿ ಆಗ ಅವಳದ್ದು.

ಪೈಲಟ್ ಎಂದರೆ ಯಾರು ಎಂದು ಕೇಳಿದರೆ ಅಪ್ಪ ಕೊಡಗಿನ ದೇವಯ್ಯನವರ ಹೆಸರು ಹೇಳುತ್ತಿದ್ದರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋಗಿ, ಹಳೇ ಮಿಸ್ಟೇರ್ ವಿಮಾನದಲ್ಲಿ ಇದ್ದುಕೊಂಡು ಅದಕ್ಕಿಂತ ಎಷ್ಟೋ ವೇಗದ ಅವರ ಸ್ಟಾರ್‌ಫೈಟರ್ ಜೆಟ್ ಅನ್ನು ಉರುಳಿಸಿ, ತಾವು ವಾಪಸ್ ಬರದವರು. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. "ಸರಿಯಾದ ಸುದ್ದಿ ಬರ್ಲಿಕ್ಕೆ 23 ವರ್ಷ ಹಿಡಿಯಿತು ನೋಡು" ಎನ್ನುತ್ತಿದ್ದರು. ನಮ್ಮದು ಸಣ್ಣ ತಿದ್ದುಪಡಿ, ಅಷ್ಟು ತಡ ಆಗಲಿಕ್ಕಿಲ್ಲ ಎಂದುಕೊಂಡಿದ್ದೇನೆ. 'ಪೈಲಟ್' ತೆಗೆದು 'ಫಿಟ್ಟರ್' ಎಂದು ಹಾಕಿ, ಸಾಕು.

ಇನ್ನೊಂದು ವಿಷಯ, ಜಾಗ ಇದ್ದರೆ ಹಾಕಿ. ಏರ್‌ಫೋರ್ಸ್‌ನಲ್ಲಿ ಒಂದು ಸ್ಪ್ಯಾನರ್ ಲೆಕ್ಕಕ್ಕೆ ಸಿಗದಿದ್ದರೆ ಅದು ಸಿಗುವವರೆಗೆ ವಿಮಾನ ಬಿಡುವುದಿಲ್ಲವಂತೆ. ಅದಕ್ಕೇ ಅಪ್ಪ ಕೊಟ್ಟಿಗೆಯ ಗೋಡೆಗೆ ಒಂದು ಹಲಗೆ ಹೊಡೆದು, ಪ್ರತಿ ಸ್ಪ್ಯಾನರಿನ ಆಕಾರವನ್ನು ಬಿಳಿ ಪೇಂಟಿನಲ್ಲಿ ಬರೆದು ಅಲ್ಲಲ್ಲೇ ನೇತುಹಾಕುತ್ತಿದ್ದರು. ಊರಿನವರ ಪಂಪ್‌ಸೆಟ್‌ಗಳೆಲ್ಲ ರಿಪೇರಿ ಆದದ್ದು ಅದರಲ್ಲೇ. ಈಗ ಹದಿನಾಲ್ಕು ನಂಬರಿನ ಜಾಗ ಖಾಲಿ ಇದೆ. ಅಪ್ಪ ಹೋಗುವ ಎರಡು ದಿನ ಮೊದಲು ಯಾರೋ ಕೇಳಿ ತೆಗೆದುಕೊಂಡು ಹೋದದ್ದು, ಯಾರೆಂದು ಅಮ್ಮನಿಗೆ ನೆನಪಾಗುತ್ತಿಲ್ಲ. ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಬರುವಾಗ ತಂದುಕೊಡಿ. ಯಾರೂ ಏನೂ ಹೇಳುವುದಿಲ್ಲ, ಸುಮ್ನೆ ಅದರ ಜಾಗದಲ್ಲಿ ನೇತುಹಾಕಿ ಊಟಕ್ಕೆ ಕೂತರಾಯಿತು.

ಇತಿ,
ಅವರ ಎರಡನೇ ಮಗಳು
ನೀರ್ಚಾಲು, ಕಾಸರಗೋಡು